ಟೇಪಿಗೆ ಹೋದದ್ದು ಮರಳಿ ಬರುತ್ತದೆಯೇ?

ಕೋರ್ ಬ್ಯಾಂಕಿಂಗ್ ಬರುವ ಮೊದಲು ಬ್ಯಾಂಕಿನಲ್ಲಿ ದುಡಿದವರಿಗೆ ‘ಡೇ ಎಂಡ್’ ಏನೆಂದು ವಿವರಿಸಬೇಕಿಲ್ಲ. ರಂಗರಾಜನ್ ಸಮಿತಿಯ 1984ರ ವರದಿಯ ನಂತರ ಶಾಖೆಗಳಿಗೆ ಯಂತ್ರಗಳು ಬರತೊಡಗಿದವು. 1990ರ ದಶಕ ಮುಗಿಯುವಷ್ಟರಲ್ಲಿ, ಬ್ಯಾಂಕುಗಳ ತವರೆನಿಸಿದ ನಮ್ಮ ಕರಾವಳಿಯ ಸಣ್ಣ ಪೇಟೆಗಳಲ್ಲೂ ಒಂದು ಯುನಿಕ್ಸ್ ಸರ್ವರು, ಅದಕ್ಕೆ ತಗುಲಿಕೊಂಡ ನಾಲ್ಕೈದು ಟರ್ಮಿನಲ್ಲು ಕಾಣುವಂತಾಯಿತು. ಸಂಜೆ ಲೆಕ್ಕ ತಾಳೆಯಾದ ಮೇಲೆ ಕಾಲಿಂಚಿನ ಕಾರ್ಟ್ರಿಜ್ ಟೇಪನ್ನು ಡ್ರೈವಿಗೆ ತುರುಕಿ, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಹೊಡೆದರೆ ಅದು ಕಿರ್ರೆಂದು ಓಡತೊಡಗುತ್ತಿತ್ತು. ವಾರದ ಹೆಸರು ಬರೆದ ಟೇಪುಗಳು, ತಿಂಗಳ ಕೊನೆಗೆ ಬೇರೆಯೇ ಒಂದು. ಒಂದು ಪ್ರತಿ ಶಾಖೆಯ ಕಟ್ಟಡದಿಂದ ಹೊರಗಿರಬೇಕೆಂಬುದು ಕಟ್ಟಳೆ. ಆಗ ಚಾಲ್ತಿಯಲ್ಲಿದ್ದ ಒಂದು ಬಗೆಯ ಟೇಪಿಗೆ 150 ಮೆಗಾಬೈಟ್ ಹಿಡಿಯುತ್ತಿತ್ತು. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಮದುವೆ ವಿಡಿಯೊಕ್ಕೆ ಅದು ಸಾಲದು.

ಹೀಗೆ ಬರೆದಿಟ್ಟ ಟೇಪುಗಳಲ್ಲಿ ಎಷ್ಟನ್ನು ಯಾರಾದರೂ ಮರಳಿ ಓದಿಸಿ ನೋಡಿದ್ದರು? ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇವತ್ತಿಗೂ ಯಾವ ಕಚೇರಿಯಲ್ಲಿ ಕೇಳಿದರೂ ಉತ್ತರ ಒಂದೇ ಧಾಟಿಯಲ್ಲಿ ಬರುತ್ತದೆ. ‘ಬ್ಯಾಕಪ್ ಇತ್ತಲ್ದಾ?’ ‘ಇತ್ತ್. ಆರೆ ತೆಗ್ದ್ ಕಾಣ್ಲಿಲ್ಲ.’ ಟೇಪ್ ಬ್ಯಾಕಪ್ಪಿನ ಮುಕ್ಕಾಲು ಸಮಸ್ಯೆ ಈ ಎರಡನೇ ಮಾತಿನಲ್ಲಿದೆ. ಮಿಕ್ಕ ಕಾಲುಭಾಗ ಯಂತ್ರದ್ದು, ಮಳೆಯದ್ದು, ದುಡ್ಡಿನದ್ದು.

ಇದು ನಮ್ಮ ಊರಿನವರ ಉದಾಸೀನ ಮಾತ್ರ ಎಂದುಕೊಳ್ಳಬೇಕಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪು ಸರ್ವರಿನಲ್ಲಿ ಅಳಿಸುವ ಕಮಾಂಡ್ ಕೊಟ್ಟರು. ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ಪಿಗೆಂದು ಹಲವು ಏರ್ಪಾಡುಗಳಿದ್ದವು, ಆದರೆ ಬೇಕಾದ ಗಳಿಗೆಗೆ ಅವು ಒದಗಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಹಿಂದೆ ಬೇರೇನಕ್ಕೋ ತೆಗೆದಿದ್ದ ಒಂದು ನಕಲು. 2011ರ ಫೆಬ್ರುವರಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ತಂತ್ರಾಂಶದ ದೋಷವೊಂದು ಜಿಮೇಲಿನ ಡಿಸ್ಕ್ ಪ್ರತಿಗಳನ್ನೆಲ್ಲ ತಟ್ಟಿತು. ನೂರಕ್ಕೆ 0.02ರಷ್ಟು ಖಾತೆಗಳ ಅಂಚೆ ಖಾಲಿಯಾಯಿತು. ಗೂಗಲ್ ಅದನ್ನು ವಾಪಸು ತಂದದ್ದು ಟೇಪಿನಿಂದ. ಡಿಸ್ಕಿಗೆ ತಗುಲಿದ್ದು ಡ್ರೈವಿನಿಂದ ಹೊರಗೆ ಇಟ್ಟ ಟೇಪಿಗೆ ತಗುಲುವುದಿಲ್ಲ. ಟೇಪು ಇನ್ನೂ ಬದುಕಿರುವುದಕ್ಕೆ ಕಾರಣ ಅಷ್ಟೆ.

ಆ ಕಾರಣ ಈಚೆಗೆ ನಮ್ಮ ಹಳ್ಳಿಗಳಿಗೂ ಹತ್ತಿರವಾಗಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಸಂಸ್ಥೆಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ಹೊಕ್ಕು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತೆಂದು ವರದಿಯಾಯಿತು. ಅವುಗಳಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ ಹೆಚ್ಚು. ದಿಲ್ಲಿಯ ಏಮ್ಸ್ ಆಸ್ಪತ್ರೆ 2022ರ ನವೆಂಬರಿನಲ್ಲಿ ಇಂಥದ್ದೇ ದಾಳಿಗೆ ಸಿಕ್ಕಿ ದಿನಗಟ್ಟಲೆ ಕಾಗದದ ಮೇಲೆ ಚೀಟಿ ಬರೆಯಬೇಕಾಯಿತು. ಸರ್ವರಿಗೆ ಸದಾ ಅಂಟಿಕೊಂಡಿರುವ ಹಾರ್ಡ್ ಡಿಸ್ಕನ್ನು ಬ್ಯಾಕಪ್ ಎಂದು ಕರೆಯುವವರು ಈ ಎರಡು ಪ್ರಕರಣಗಳನ್ನು ಓದಿಕೊಳ್ಳಬೇಕು. ಸರ್ವರಿನೊಳಗೆ ಬಂದವನಿಗೆ ಆ ಡಿಸ್ಕೂ ಸಿಗುತ್ತದೆ.

ಇನ್ನು ಕಮಾಂಡ್ ಲೈನಿನ ಮಾತು. ಮೌಸಿನಲ್ಲಿ ಒತ್ತುವ ಚಂದದ ಪರದೆಗಳಿರುವಾಗ ಅಕ್ಷರ ಕುಟ್ಟುವುದು ಏತಕ್ಕೆಂದು ಕೇಳುವವರಿದ್ದಾರೆ. ಕಾರಣ ಸರಳ. ಕುಟ್ಟಿದ ಸಾಲನ್ನು ಹಾಗೆಯೇ ಒಂದು ಕಡತದಲ್ಲಿ ಬರೆದಿಡಬಹುದು, ರಾತ್ರಿ ಎರಡಕ್ಕೆ ತಾನಾಗಿ ನಡೆಯುವಂತೆ ಹಚ್ಚಬಹುದು, ಇವತ್ತಿನವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ನಾಳಿನವನು ಅದನ್ನು ಓದಿ ಏನು ನಡೆಯುತ್ತಿತ್ತೆಂದು ತಿಳಿಯಬಹುದು. ಬೈಂದೂರಿನಂಥ ಊರಿನಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದು ಅಪರೂಪವಾದ್ದರಿಂದ ಈ ಮೂರನೇ ಲಾಭವೇ ದೊಡ್ಡದು. ಯಾವ ಗುಂಡಿ ಒತ್ತಿದನೋ ಅದು ಅವನ ಜೊತೆಗೇ ಹೋಗುತ್ತದೆ.

ಲಿನಕ್ಸಿನಲ್ಲಿ ಇದಕ್ಕೆ ಬೇಕಾದ ಮೂಲ ಸಲಕರಣೆ ಎರಡೇ. ಕಡತಗಳನ್ನು ಒಟ್ಟು ಕಟ್ಟಿ ಟೇಪಿಗೆ ಬರೆಯುವ ‘ಟಾರ್’, ಟೇಪನ್ನು ಹಿಂದೆ ಮುಂದೆ ಓಡಿಸುವ ‘ಎಂಟಿ’. ಟಾರ್ 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದದ್ದು. ಅದರಲ್ಲಿ ಬರೆದ ಟೇಪನ್ನು ಓದಲು ಯಾವ ಕಂಪನಿಯ ಪರವಾನಗಿಯೂ ಬೇಡ. ಆದರೆ ಈ ಸರಳ ಜೋಡಿಯಲ್ಲೇ ಹೊಸಬರು ಮುಗ್ಗರಿಸುವ ಒಂದು ಜಾಗವಿದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಲಿನಕ್ಸ್ ಒಂದೇ ಟೇಪ್ ಡ್ರೈವಿಗೆ ಎರಡು ಹೆಸರು ಕೊಡುತ್ತದೆ: ‘ಎಸ್‌ಟಿ0’, ‘ಎನ್‌ಎಸ್‌ಟಿ0’. ಮೊದಲನೆಯದನ್ನು ಹೇಳಿ ಬರೆದರೆ ಕೆಲಸ ಮುಗಿದೊಡನೆ ಟೇಪು ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ಬರೆದು ನಿಂತಲ್ಲೇ ನಿಲ್ಲುತ್ತದೆ. ಈಗ ಒಬ್ಬ ಗುಮಾಸ್ತ ಮೊದಲು ಸದಸ್ಯರ ಖಾತೆ, ಆಮೇಲೆ ಸಾಲದ ಕಡತ, ಆಮೇಲೆ ಫೋಟೊಗಳು ಎಂದು ಮೂರು ಟಾರ್ ಕಮಾಂಡುಗಳನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದಾನೆ, ಮೂರಕ್ಕೂ ‘ಎಸ್‌ಟಿ0’ ಎಂದೇ ಹಾಕಿದ್ದಾನೆ ಎನ್ನಿ. ಮೊದಲನೆಯದು ಬರೆಯಿತು, ಟೇಪು ಸುತ್ತಿಕೊಂಡಿತು. ಎರಡನೆಯದು ಅದರ ಮೇಲೆಯೇ ಬರೆಯಿತು. ಮೂರನೆಯದು ಎರಡನೆಯದರ ಮೇಲೆ. ಮೂರೂ ಯಶಸ್ವಿ ಎಂದು ಪರದೆ ಹೇಳುತ್ತದೆ, ಅದು ಸುಳ್ಳೂ ಅಲ್ಲ. ಟೇಪಿನಲ್ಲಿ ಉಳಿದದ್ದು ಫೋಟೊಗಳು ಮಾತ್ರ. ವರ್ಷಗಟ್ಟಲೆ ಹೀಗೆ ನಡೆದರೂ, ಯಾರೂ ಮರಳಿ ಓದಿಸದಿದ್ದರೆ ಗೊತ್ತಾಗುವ ದಾರಿಯೇ ಇಲ್ಲ. ‘ಎನ್’ ಎಂಬ ಒಂದಕ್ಷರದ ವ್ಯತ್ಯಾಸ ಅದು.

ಇನ್ನೊಂದು, ಬ್ಲಾಕಿನ ಅಳತೆ. ಟಾರ್ ತಾನಾಗಿ 10 ಕಿಲೋಬೈಟಿನ ತುಂಡುಗಳಲ್ಲಿ ಬರೆಯುತ್ತದೆ. ಇಂದಿನ ಟೇಪಿಗೆ ಅದು ತೀರ ಸಣ್ಣದು, 256 ಕಿಲೋಬೈಟ್ ಅಥವಾ ಅದಕ್ಕೂ ಹೆಚ್ಚು ಇಡುವುದು ರೂಢಿ. ಆದರೆ ಬರೆದಾಗ ಇಟ್ಟ ಅಳತೆ ಓದುವವನಿಗೆ ಗೊತ್ತಿರಬೇಕು. ಸಣ್ಣ ಅಳತೆ ಹೇಳಿ ಓದಲು ಹೊರಟರೆ ಲಿನಕ್ಸ್ ‘ಮೆಮೊರಿ ಸಾಲದು’ ಎಂದು ದೂರುತ್ತದೆ. ಪಾಪ, ಆ ಮಾತು ನಂಬಿ ಹೊಸ ಮೆಮೊರಿ ಕಾರ್ಡ್ ಕೊಳ್ಳಲು ಹೊರಡುವವರೂ ಇರುತ್ತಾರೆ. ಕಾರ್ಟ್ರಿಜ್ಜಿನ ಡಬ್ಬಿಯ ಮೇಲೆ ದಿನಾಂಕದ ಪಕ್ಕ ಬ್ಲಾಕಿನ ಅಳತೆಯನ್ನೂ ಪೆನ್ನಿನಲ್ಲಿ ಬರೆದಿಟ್ಟರೆ ಈ ಫಜೀತಿಯಿಲ್ಲ.

ವೇಗದ್ದೂ ಒಂದು ತೊಡಕು. ಎಲ್‌ಟಿಒ ಎಂಬ ಇಂದಿನ ಬಗೆಯ ಟೇಪಿನ ಆರನೇ ತಲೆಮಾರಿನ ಡ್ರೈವ್ ಸೆಕೆಂಡಿಗೆ 160 ಮೆಗಾಬೈಟ್ ನುಂಗುತ್ತದೆ. ಹಳೆಯ ಕಂಪ್ಯೂಟರಿನಿಂದ, ನಿಧಾನದ ನೆಟ್‌ವರ್ಕಿನಿಂದ ಅಷ್ಟು ಸರಕು ಬಾರದೆ ಹೋದಾಗ ಟೇಪು ನಿಂತು, ಹಿಂದೆ ಹೋಗಿ, ಮತ್ತೆ ಓಡುತ್ತದೆ. ಹೀಗೆ ರಾತ್ರಿಯಿಡೀ ಉಜ್ಜಿದರೆ ಟೇಪಿಗೂ ಡ್ರೈವಿನ ತಲೆಗೂ ಆಯುಸ್ಸು ಕಡಿಮೆ. ಮೊದಲು ಎಲ್ಲವನ್ನೂ ಒಂದು ವೇಗದ ಡಿಸ್ಕಿಗೆ ಸೇರಿಸಿ, ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ ಇಳಿಸುವುದು ಇದಕ್ಕೆ ಪರಿಹಾರ.

ಕೆಲಸ ಹೆಚ್ಚಿದಾಗ ದೊಡ್ಡ ತಂತ್ರಾಂಶಗಳು ಬೇಕಾಗುತ್ತವೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಅಮಾಂಡಾ’ ನನಗೆ ಇವುಗಳಲ್ಲಿ ಹೆಚ್ಚು ಪ್ರಿಯ. ಅದು ಪ್ರತಿ ಬ್ಯಾಕಪ್ಪಿನ ಮುಂದೆ 32 ಕಿಲೋಬೈಟಿನ ಒಂದು ತಲೆಬರಹ ಬರೆಯುತ್ತದೆ. ಈ ಟೇಪನ್ನು ಮರಳಿ ಪಡೆಯಲು ಯಾವ ಕಮಾಂಡ್ ಕೊಡಬೇಕೆಂದು ಆ ತಲೆಬರಹದಲ್ಲೇ ಸಾದಾ ಅಕ್ಷರಗಳಲ್ಲಿ ಇರುತ್ತದೆ. ಅಮಾಂಡಾ ಇಲ್ಲದ ಯಂತ್ರದಲ್ಲೂ ಸಾಮಾನ್ಯ ಲಿನಕ್ಸ್ ಸಲಕರಣೆಗಳಿಂದ ಟೇಪು ತೆರೆದುಕೊಳ್ಳುತ್ತದೆ.

‘ಬಾಕುಲಾ’ದ ದಾರಿ ಬೇರೆ. 2000ದಲ್ಲಿ ಶುರುವಾದ ಇದು ನಿರ್ದೇಶಕ, ಕಡತ ಕೊಡುವವ, ಟೇಪು ನೋಡಿಕೊಳ್ಳುವವ ಎಂದು ಮೂರು ಪಾತ್ರ ಹಂಚಿ, ಎಲ್ಲದರ ಪಟ್ಟಿಯನ್ನು ಒಂದು ಡೇಟಾಬೇಸಿನಲ್ಲಿ ಇಡುತ್ತದೆ. ‘ಬಿಕನ್ಸೋಲ್’ ಎಂಬ ಪರದೆಯಲ್ಲಿ ರನ್, ಸ್ಟೇಟಸ್, ಲೇಬಲ್, ರಿಸ್ಟೋರ್ ಎಂದು ಕುಟ್ಟಿ ಇಡೀ ವ್ಯವಹಾರ ನಡೆಸಬಹುದು. ಇದರಲ್ಲಿ ಎಚ್ಚರ ಬೇಕಾದದ್ದು ಅವಧಿಗಳ ವಿಷಯದಲ್ಲಿ. ನಾವು ಏನೂ ಹೇಳದಿದ್ದರೆ ಬಾಕುಲಾ ಕಡತಗಳ ಪಟ್ಟಿಯನ್ನು 60 ದಿನ, ಕೆಲಸದ ದಾಖಲೆಯನ್ನು 180 ದಿನ, ಟೇಪನ್ನು 365 ದಿನ ಕಾಯ್ದುಕೊಳ್ಳುತ್ತದೆ. ಮಾರ್ಚ್ 31ಕ್ಕೆ ವರ್ಷ ಮುಗಿದು ಆಡಿಟ್ ಎಳೆಯುತ್ತ ಮಳೆಗಾಲ ದಾಟುವ ಸಂಘಗಳಿಗೆ 60 ದಿನ ಯಾವ ಮೂಲೆಗೆ? ಆಗಸ್ಟಿನಲ್ಲಿ ಲೆಕ್ಕಪರಿಶೋಧಕರು ಮಾರ್ಚಿನ ಒಂದು ಕಡತ ಕೇಳಿದರೆ, ಅದು ಟೇಪಿನಲ್ಲಿ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ‘ಬಿಸ್ಕ್ಯಾನ್’ ಓಡಿಸಿ ಟೇಪಿನಿಂದಲೇ ಪಟ್ಟಿಯನ್ನು ಮತ್ತೆ ಕಟ್ಟಬಹುದು, ಆದರೆ ಅದಕ್ಕೆ ತಾಳ್ಮೆ ಬೇಕು. ಬಾಕುಲಾದಿಂದ ಕವಲೊಡೆದ ‘ಬೇರಿಯೋಸ್’ ಕೂಡ ಇದೇ ಮನೆತನದ್ದು. ನೆಟ್‌ಬ್ಯಾಕಪ್, ನೆಟ್‌ವರ್ಕರ್, ಐಬಿಎಂನವರ ತಂತ್ರಾಂಶ, ಎಲ್ಲಕ್ಕೂ ಕಮಾಂಡ್ ಲೈನಿದೆ, ಎಲ್ಲವೂ ಗಟ್ಟಿಮುಟ್ಟು. ಆದರೆ ಪರವಾನಗಿಯ ಖರ್ಚು ನಮ್ಮ ತಾಲ್ಲೂಕಿನ ಸಂಸ್ಥೆಗಳಿಗೆ ಹೊಂದುವುದಿಲ್ಲ. ವಿಂಡೋಸಿನಲ್ಲಿ ಬಿಟ್ಟಿಯಾಗಿ ಬರುತ್ತಿದ್ದ ಟೇಪ್ ಬ್ಯಾಕಪ್ಪನ್ನು ಮೈಕ್ರೋಸಾಫ್ಟ್ 2008ರ ಸರ್ವರ್ ಆವೃತ್ತಿಯಲ್ಲೇ ಕೈಬಿಟ್ಟಿತು.

ಯಾವುದನ್ನು ಹಚ್ಚಿದರೂ ಒಂದು ಪಿಡುಗು ಎಲ್ಲ ಕಡೆ ಒಂದೇ. ರಾತ್ರಿ ಕೆಲಸ ಕೆಟ್ಟರೆ ಯಂತ್ರ ಕಾಗದ ಬರೆಯುತ್ತದೆ, ಆದರೆ ಅದೇ ಯಂತ್ರದೊಳಗಿನ ‘ರೂಟ್’ ಎಂಬ ಬಳಕೆದಾರನಿಗೆ. ಆ ಅಂಚೆಪೆಟ್ಟಿಗೆ ತೆರೆಯುವವರು ಯಾರೂ ಇಲ್ಲ. ಅದನ್ನು ಮನುಷ್ಯರೊಬ್ಬರ ಫೋನಿಗೆ ತಿರುಗಿಸುವುದು ಐದು ನಿಮಿಷದ ಕೆಲಸ.

ಹಾಗಾದರೆ ಇಲ್ಲಿ ಯಾರಿಗೆ ಟೇಪು ಬೇಕು? ಮೂರೂ ತಾಲ್ಲೂಕುಗಳ ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳಿಗೆ ಬೇಕಿಲ್ಲ ಎಂದೇ ನನ್ನ ಅನಿಸಿಕೆ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆ ಏರ್ಪಾಡಿಗೆ ಸೇರಿದ ಸಂಘದ ದತ್ತಾಂಶ ಕೇಂದ್ರದಲ್ಲಿರುತ್ತದೆ, ಅದನ್ನು ಕಾಯುವ ಹೊಣೆಯೂ ಅಲ್ಲಿನದೇ. ಸಂಘದ ಕೈಯಲ್ಲಿ ಉಳಿಯುವುದು ಹಳೆಯ ತಂತ್ರಾಂಶದ ಹಿಂದಿನ ವರ್ಷಗಳ ಲೆಕ್ಕ. ಅದಕ್ಕೆ ಬೇರೆ ಬೇರೆ ಕಡೆ ಇಟ್ಟ ಎರಡು ಡಿಸ್ಕುಗಳು ಸಾಕು, ಜೊತೆಗೆ ಆ ಹಳೆಯ ತಂತ್ರಾಂಶವನ್ನು ತೆರೆಯಬಲ್ಲ ಒಂದು ಕಂಪ್ಯೂಟರನ್ನು ಗುಜರಿಗೆ ಹಾಕದಿದ್ದರೆ ಸಾಕು.

ಗೇರುಬೀಜ ಕಾರ್ಖಾನೆಗಳ ಸ್ಥಿತಿ ಬೇರೆ. ಕಂಪನಿಯಾಗಿ ನೋಂದಾಯಿಸಿಕೊಂಡವರು, ತಮ್ಮ ಲೆಕ್ಕಪುಸ್ತಕ ಕಂಪ್ಯೂಟರಿನಲ್ಲಿದ್ದರೆ, ಅದರ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನಂಪ್ರತಿ ಇಡಬೇಕೆಂದು 2022ರ ಆಗಸ್ಟಿನಲ್ಲಿ ತಿದ್ದಿದ ನಿಯಮ ಹೇಳುತ್ತದೆ. ಮೊದಲು ‘ಕಾಲಕಾಲಕ್ಕೆ’ ಎಂದಿದ್ದದ್ದು ‘ದಿನವೂ’ ಆಯಿತು. ಆದರೆ ಲೆಕ್ಕದ ಕಡತ ಅಷ್ಟೇನೂ ದೊಡ್ಡದಲ್ಲ. ಲಕ್ಷಗಳ ಬೆಲೆಯ ಡ್ರೈವಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಟೇಪಿಗೆ ನಿಜವಾಗಿ ಹೊಂದುವ ಸೊತ್ತು ನಮ್ಮಲ್ಲಿ ಒಂದಿದೆ, ಅದು ಯಕ್ಷಗಾನದ ಧ್ವನಿ. ಬಡಗುತಿಟ್ಟಿನ ಹಾರಾಡಿ, ಮಟಪಾಡಿ ಶೈಲಿಗಳ ಊರುಗಳು ಬ್ರಹ್ಮಾವರದ ಸುತ್ತಲೇ ಇವೆ. ಗುಂಡ್ಮಿಯ ಭಾಗವತ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಪದ್ಯ ಅವರ ನಂತರ ಹುಟ್ಟಿದವರ ಕಿವಿಗೂ ಬಿದ್ದದ್ದು ಕ್ಯಾಸೆಟ್ಟಿನಿಂದ. ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳದ್ದು ಒಂದು ಲೆಕ್ಕ. ಆಟದ ರಾತ್ರಿ ರಂಗಸ್ಥಳದ ಬದಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಅಭಿಮಾನಿಗಳು ತಾವೇ ತುಂಬಿಕೊಂಡದ್ದು ಬೇರೆಯೇ ಲೆಕ್ಕ. ಅವುಗಳಲ್ಲಿ ಬಹಳಷ್ಟು ಇನ್ನೂ ಮನೆಯ ಅಟ್ಟದಲ್ಲಿ, ಕಪಾಟಿನ ಕೆಳಗಿನ ಅರೆಯಲ್ಲಿ ಇವೆ.

ಇವನ್ನು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುವಂತೆ 96 ಕಿಲೋಹರ್ಟ್ಸ್, 24 ಬಿಟ್ ಅಳತೆಯಲ್ಲಿ ಡಿಜಿಟಲ್ ಮಾಡಿದರೆ ಗಂಟೆಗೆ ಎರಡು ಗಿಗಾಬೈಟಿಗೆ ತುಸು ಹೆಚ್ಚು ಆಗುತ್ತದೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 3.1. ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 16.6. ಆರನೇ ತಲೆಮಾರಿನ ಒಂದು ಎಲ್‌ಟಿಒ ಕಾರ್ಟ್ರಿಜ್ಜಿಗೆ 2.5 ಟೆರಾಬೈಟ್ ಹಿಡಿಯುವುದರಿಂದ, ಎಂಟುನೂರು ಕ್ಯಾಸೆಟ್ ಅಥವಾ ನೂರೈವತ್ತು ರಾತ್ರಿಯ ಆಟ ಅಂಗೈಯಗಲದ ಡಬ್ಬಿಯಲ್ಲಿ ಕೂರುತ್ತದೆ. ಒಂದು ಮೇಳದ ತಿರುಗಾಟದ ಹೆಚ್ಚುಕಡಿಮೆ ಇಡೀ ಋತು ಅದು. ಒಮ್ಮೆ ಬರೆದರೆ ಮತ್ತೆ ತಿದ್ದಬೇಕಿಲ್ಲ, ದಿನವೂ ತೆರೆಯಬೇಕಿಲ್ಲ, ದಶಕಗಟ್ಟಲೆ ಇರಬೇಕು. ಟೇಪು ಮಾಡಿಸಿದ್ದೇ ಇಂಥ ಕೆಲಸಕ್ಕೆ.

ಇದಕ್ಕೆ ಬಾಕುಲಾ, ಅಮಾಂಡಾ ಯಾವುದೂ ಬೇಡ. ಸಾದಾ ಟಾರ್ ಸಾಕು, ಇಲ್ಲವೇ 2010ರಲ್ಲಿ ಐದನೇ ತಲೆಮಾರಿನೊಡನೆ ಬಂದ ಎಲ್‌ಟಿಎಫ್‌ಎಸ್. ಇದು ಟೇಪನ್ನು ಎರಡು ಭಾಗ ಮಾಡಿ, ಒಂದರಲ್ಲಿ ವಿಷಯಸೂಚಿ, ಇನ್ನೊಂದರಲ್ಲಿ ಕಡತ ಇಡುತ್ತದೆ. ಪರದೆಯಲ್ಲಿ ಪೆನ್ ಡ್ರೈವಿನ ಹಾಗೆ ಫೋಲ್ಡರುಗಳು ಕಾಣುತ್ತವೆ. ಪ್ರತಿ ಕಡತದ ಚೆಕ್‌ಸಮ್ ಎಂಬ ತಾಳೆಸಂಖ್ಯೆ ತೆಗೆದು, ಪಟ್ಟಿಯನ್ನು ಟೇಪಿನಲ್ಲೂ ಕಾಗದದಲ್ಲೂ ಇಟ್ಟರೆ, ಹತ್ತು ವರ್ಷದ ನಂತರ ಓದಿಸುವವರು ಒಂದಕ್ಷರ ಕೆಟ್ಟಿದ್ದರೂ ಕಂಡುಹಿಡಿಯಬಹುದು. ಇಲ್ಲಿ ಜಾಣ್ಮೆ ಬೇಕಾದದ್ದು ತಂತ್ರಾಂಶಕ್ಕಿಂತ ಹೆಚ್ಚಾಗಿ ಹೆಸರಿಡುವುದರಲ್ಲಿ. ಯಾವ ಪ್ರಸಂಗ, ಯಾವ ಮೇಳ, ಯಾವ ಊರಿನ ಬಯಲು, ಭಾಗವತರು ಯಾರು, ಮದ್ದಳೆ ಯಾರದ್ದು, ಚಂಡೆ ಯಾರದ್ದು ಎಂಬುದು ಕಡತದ ಜೊತೆ ಇಲ್ಲದಿದ್ದರೆ ಎಂಟುನೂರು ಕ್ಯಾಸೆಟ್ಟಿನ ರಾಶಿ ರಾಶಿಯಾಗಿಯೇ ಉಳಿಯುತ್ತದೆ. ಇದನ್ನು ಹೇಳಬಲ್ಲ ಹಿರಿಯರು ಈಗ ಎಪ್ಪತ್ತು ಎಂಬತ್ತರ ಪ್ರಾಯದವರು.

ಹವೆಯ ವಿಷಯ ಕಡೆಗಣಿಸುವಂತಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ದೀರ್ಘಕಾಲ ಇಡುವ ಎಲ್‌ಟಿಒ ಟೇಪಿಗೆ ತಯಾರಕರು ಹೇಳುವುದು 16ರಿಂದ 25 ಡಿಗ್ರಿ ಉಷ್ಣತೆ, ನೂರಕ್ಕೆ 20ರಿಂದ 50ರ ತೇವ. ಆಸಾಡಿಯಲ್ಲಿ ಕುಂದಾಪುರದ ಯಾವ ಕೋಣೆಯಲ್ಲಿ 50ರ ತೇವ ಸಿಕ್ಕೀತು? ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವ ಕಚೇರಿಯಂತೂ ಇನ್ನೂ ಕೆಟ್ಟದ್ದು, ತಣ್ಣಗಾದ ವಸ್ತುವಿನ ಮೇಲೆ ಹೊರಗಿನ ತೇವ ಬಂದು ಕೂರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಅಗ್ಗದ ತೇವಮಾಪಕ ಇಷ್ಟಾದರೂ ಬೇಕು. ಬೇರೆ ಹವೆಯಿಂದ ತಂದ ಟೇಪನ್ನು ಒಂದು ದಿನ ಹಾಗೆಯೇ ಬಿಟ್ಟು ಆಮೇಲೆ ಡ್ರೈವಿಗೆ ಹಾಕಬೇಕು. ಹಳೆಯ ಕ್ಯಾಸೆಟ್ಟುಗಳಿಗಂತೂ ಬೂಸಲು ಮಾಮೂಲು. ಬೂಸಲು ಕಂಡ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಿದರೆ ಪ್ಲೇಯರಿಗೂ, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಒಳಗಿನ ಒತ್ತುಪಟ್ಟಿಯ ಅಂಟು ಬಿಟ್ಟು ಧ್ವನಿ ಮಂಕಾಗುವುದೂ ಸಾಮಾನ್ಯ. ಇದಕ್ಕೆ ಟೇಪನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸಿದರೆ ಸರಿಹೋಗುತ್ತದೆ.

ಎರಡನೇ ಪ್ರತಿ ಎಲ್ಲಿಡುವುದು? ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೆದ್ದಾರಿ 66ರಲ್ಲಿ ಅರವತ್ತು ಕಿಲೋಮೀಟರಿನ ಒಳಗೆ. ಒಂದೇ ಮಳೆ, ಒಂದೇ ಕಡಲು. 2020ರ ಸೆಪ್ಟೆಂಬರ್ 20ರ ನೆರೆ ನೋಡಿದವರಿಗೆ, ಒಂದೇ ಜಿಲ್ಲೆಯೊಳಗೆ ಎರಡು ಪ್ರತಿ ಇಡುವುದು ಸಾಲದೆಂದು ಗೊತ್ತು. ಒಂದು ಪ್ರತಿ ಘಟ್ಟದ ಮೇಲೆ ಒಣಹವೆಯ ಊರಿನಲ್ಲಿ ಇರಬೇಕು. ಬೆಂಗಳೂರಿನಲ್ಲಿ ನಮ್ಮ ಕಡೆಯವರಿಗೇನು ಬರವಿಲ್ಲ.

ಪ್ರತಿ ಸಂಘಟನೆ, ಪ್ರತಿ ಮನೆ ಒಂದೊಂದು ಡ್ರೈವ್ ಕೊಳ್ಳುವ ಮಾತಲ್ಲ ಇದು. ಕುಂದಾಪುರದಲ್ಲೋ ಬ್ರಹ್ಮಾವರದಲ್ಲೋ ಒಂದು ಕಾಲೇಜು ಒಂದೇ ಡ್ರೈವ್ ಇಟ್ಟುಕೊಂಡು, ಲಿನಕ್ಸ್ ಕಲಿಯುವ ಹುಡುಗ ಹುಡುಗಿಯರ ಕೈಯಲ್ಲಿ ಕೆಲಸ ಮಾಡಿಸಿದರೆ ಮೂರೂ ತಾಲ್ಲೂಕುಗಳ ಸಂಗ್ರಹಕ್ಕೆ ಸಾಕು. ಜಾನಪದ ರಂಗಕಲೆಗಳ ಧ್ವನಿಮುದ್ರಣವನ್ನು ಕಾಲೇಜೊಂದು ಹೊತ್ತುಕೊಳ್ಳಬಲ್ಲದೆಂದು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ತೋರಿಸಿಯಾಗಿದೆ. ವರ್ಷಕ್ಕೊಮ್ಮೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಯಾವುದಾದರೂ ಒಂದು ಟೇಪನ್ನು ಕಣ್ಣುಮುಚ್ಚಿ ಆರಿಸಿ, ಬೇರೆ ಯಂತ್ರದಲ್ಲಿ ಮರಳಿ ಓದಿಸಿ, ಚೆಕ್‌ಸಮ್ ತಾಳೆ ನೋಡಬೇಕು. ಮಾಡಿದವರು ಯಾರು, ಏನು ಬಂತು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇದಕ್ಕೆ ಒಪ್ಪದ ಸಂಸ್ಥೆಗೆ ಡ್ರೈವ್ ಕೊಡಿಸುವುದು ವ್ಯರ್ಥ.

ಈಗಾಗಲೇ ಎಲ್‌ಟಿಒ ಟೇಪು ಇಟ್ಟುಕೊಂಡವರಿಗೆ ಒಂದು ಮಾತು. ಏಳನೇ ತಲೆಮಾರಿನ ಡ್ರೈವ್ ತನ್ನ ಹಿಂದಿನ ಎರಡು ತಲೆಮಾರುಗಳನ್ನು ಓದುತ್ತದೆ, ಎಂಟನೆಯದು ಮತ್ತು ಒಂಬತ್ತನೆಯದು ಒಂದನ್ನು ಮಾತ್ರ, 2025ರಲ್ಲಿ ಬಂದ ಹತ್ತನೆಯದು ತನ್ನದನ್ನು ಬಿಟ್ಟು ಯಾವುದನ್ನೂ ಓದುವುದಿಲ್ಲ. ನಿಮ್ಮ ಕಪಾಟಿನಲ್ಲಿ ಐದನೆಯ ಅಥವಾ ಆರನೆಯ ತಲೆಮಾರಿನ ಟೇಪುಗಳಿದ್ದರೆ, ಏಳನೆಯ ಡ್ರೈವ್ ಇನ್ನೂ ಸಿಗುವ ಈ ವರ್ಷಗಳಲ್ಲೇ ಅವನ್ನು ಹೊಸ ಟೇಪಿಗೆ ದಾಟಿಸಿ.